ಬೀಗರೂಟಕ್ಕೊಂದು ಕೊಬ್ಬಿಲ್ಲದ ಕೋಳಿ

ಕೋಳಿಯ ಮೈಯಲ್ಲಿ ಕೊಬ್ಬು ಸೇರದಂತೆ ನೋಡಿಕೊಳ್ಳುವುದು ಬಹಳ ಸುಲಭದ ಕೆಲಸ ಎಂದು ನಾನು ತಿಳಿದಿದ್ದೆ. ವಿಟಮಿನ್ ಕೊಡಬೇಕು, ಅಷ್ಟೇ!

ವಿಟಮಿನ್ ವಿಷಯದಲ್ಲಿ ನಾನು ಸಾಮಾನ್ಯಳಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಓದುವಾಗ ನಾನು ಬರೆದ ವಿಟಮಿನ್ ಚಾರ್ಟನ್ನು ಸಿಸ್ಟರ್ ಬೆನಡಿಕ್ಟಾ ಅವರು ಕ್ಲಾಸಿನ ಗೋಡೆಗೆ ಹಾಕಿ, ‘ವೆರಿ ನೀಟ್, ಸುಲೋಚನಾ’ ಎಂದಿದ್ದರು. ಅದಾದ ಮೇಲೆ ನನಗೆ ಮದುವೆಯಾಯಿತು. ಸಾಲಿಗ್ರಾಮದ ಪಕ್ಕದ ಈ ಹಳ್ಳಿಗೆ ಬಂದೆ. ಇಲ್ಲಿ ಯಾರೂ ನನ್ನನ್ನು ವಿಟಮಿನ್ ಬಗ್ಗೆ ಏನೂ ಕೇಳಲಿಲ್ಲ. ನಾಟಿಗೆ ಎಷ್ಟು ಆಳು ಬಂದಿದ್ದಾರೆ, ಅವರಿಗೆ ಎಷ್ಟು ಮುದ್ದೆ ಕಟ್ಟಬೇಕು ಎಂದಷ್ಟೇ ಕೇಳಿದರು. ಕಾದೆ. ತಲೆ ಬೆಳ್ಳಗಾಗುವವರೆಗೆ ಕಾದೆ. ನನ್ನ ಜ್ಞಾನವೆಲ್ಲ ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಯ ಹಾಗೆ ಮಡಿಕೆ ಮಡಿಕೆಯಲ್ಲೇ ಸವೆಯುತ್ತಿತ್ತು. ಕೊನೆಗೂ ಅದನ್ನು ಉಡುವ ದಿನ ಬಂತು.

ಉಟ್ಟೆ. ಹರಿಯಿತು!

ವಿಷಯ ಇಷ್ಟು. ನಮ್ಮ ಯಜಮಾನರ ಎದೆಗೆ ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಮೈಸೂರಿನ ಡಾಕ್ಟರು, “ಇನ್ನು ಮೇಲೆ ಕೊಬ್ಬು ಕಂಪ್ಲೀಟ್ ಬಂದ್” ಎಂದರು. ಕ್ಯಾಲೆಂಡರ್ ನೋಡದೆ, ಒಲೆಯ ಮೇಲಿನ ಮಸಾಲೆಯ ವಾಸನೆಯಿಂದಲೇ ಭಾನುವಾರವನ್ನು ಗುರುತಿಸುತ್ತಿದ್ದ ಮನುಷ್ಯ ಅವರು. ಅಂಥವರಿಗೆ ಬೇಯಿಸಿದ ಬೀನ್ಸು ಬಡಿಸಿದರೆ ಏನಾಗಬೇಕು? ಜಗಳವಾಡಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಅವರು ಜಗಳವಾಡಲಿಲ್ಲ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆ ಜಯಮ್ಮನ ಹಿತ್ತಿಲ ಗೋಡೆಯ ಬಳಿ ಹೋಗಿ, ಏನೂ ಕೆಲಸವಿಲ್ಲದೆ ಸುಮ್ಮನೆ ನಿಂತುಕೊಳ್ಳುತ್ತಿದ್ದರು. ಆ ಗೋಡೆಯ ಆಚೆಗೇ ಜಯಮ್ಮನ ಅಡುಗೆಮನೆ!

ಹೀಗಿರುವಾಗ ಮೊಮ್ಮಗ ಚೇತನನಿಗೆ ರಾವಂದೂರಿನ ಕಡೆಯ ಹುಡುಗಿ ಗೊತ್ತಾಯಿತು. ಮದುವೆಯಾದ ಮಾರನೆಯ ದಿನವೇ ನಮ್ಮ ಮನೆಯಲ್ಲಿ ಬೀಗರೂಟ, ಅಂದರೆ ಹೆಣ್ಣಿನ ಕಡೆಯವರಿಗೆ ಬಾಡೂಟ. ನಮ್ಮ ಕಡೆ ಮದುವೆಯ ಪಾಯಸ ಹೇಗಿತ್ತು ಎಂದು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಬೀಗರೂಟದ ಸಾರು ಹೇಗಿತ್ತು ಎಂಬುದನ್ನು ಮಾತ್ರ ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾರೆ. ಸಾರಿನ ಮೇಲೆ ಜಿಡ್ಡು ತೇಲಬೇಕು. ತೇಲದಿದ್ದರೆ, ‘ನೀರ್ ಕುಡ್ಸಿ ಕಳುಸ್ಬುಟ್ರು’ ಎಂಬ ಮಾತು ಎರಡು ತಾಲ್ಲೂಕು ದಾಟುತ್ತದೆ. ಇನ್ನೊಂದು ಪದ್ಧತಿಯೂ ಉಂಟು. ಗಂಡಿನ ಮನೆಯ ಹಿರಿಯನು ಬೀಗರ ಪಕ್ಕದಲ್ಲೇ ಕೂತು, ಅವರ ಜೊತೆಗೇ ತುಂಡು ಮುರಿಯಬೇಕು. ಅವನು ಕೈ ಇಡದೆ ಬೀಗರು ಎಲೆ ಮುಟ್ಟುವುದಿಲ್ಲ.

ಹುಡುಗಿ ಗೊತ್ತಾದ ದಿನ ಸಾಯಂಕಾಲ ಯಜಮಾನರು ಜಗಲಿಯ ಮೇಲೆ ಕೂತು, ನನ್ನ ಮುಖ ನೋಡದೆ ಹೇಳಿದರು.

“ಲೇ ಸುಲೋಚ್ನಾ, ಆವತ್ತೊಂದಿನ ಎರಡ್ ತುಂಡು ತಿಂತೀನಿ ಕಣೆ. ಎರಡೇ. ಮೊಮ್ಮಗನ ಬೀಗ್ರೂಟದಲ್ಲಿ ನಾನು ಮಜ್ಜಿಗೆ ಕುಡ್ಕಂಡು ಕೂತಿದ್ರೆ ಚೆಂದಾಗಿರ್ತದಾ?”

ಈ ಮನುಷ್ಯ ತನಗೆ ಬೇಕು ಎಂದು ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಮುಂದಿನ ಸಲ ಚೆಕಪ್ಪಿಗೆ ಹೋದಾಗ ಡಾಕ್ಟರನ್ನು ಕೇಳಿಯೇಬಿಟ್ಟೆ. ಅವರು ತಲೆ ಎತ್ತದೆಯೇ, “ಕೊಬ್ಬಿಲ್ಲದ ಕೋಳಿಯಾದರೆ ಎರಡು ಪೀಸ್ ತಿನ್ನಲಿ ಬಿಡಿ” ಎಂದರು.

ಕೊಬ್ಬಿಲ್ಲದ ಕೋಳಿ! ಬೇರೆ ಯಾರಾದರೂ ಆಗಿದ್ದರೆ ‘ಹಾಗೆಂದರೇನು ಡಾಕ್ಟ್ರೇ’ ಎಂದು ಕೇಳುತ್ತಿದ್ದರು. ನಾನು ಕಾನ್ವೆಂಟಿನವಳು. ‘ಐ ಅಂಡರ್‌ಸ್ಟ್ಯಾಂಡ್, ಡಾಕ್ಟರ್’ ಎಂದು ಹೇಳಿ ಎದ್ದು ಬಂದೆ.

ನಾಟಿ ಕೋಳಿಯಲ್ಲಿ ಕೊಬ್ಬು ಕಡಿಮೆ ಎಂಬುದು ನನಗೂ ಗೊತ್ತು. ಆದರೆ ಯಜಮಾನರ ಹಲ್ಲು ಸೆಟ್ಟಿನದು. ಹಿಂದೊಮ್ಮೆ ನಾಟಿ ಹುಂಜದ ತೊಡೆಗೂ ಆ ಸೆಟ್ಟಿಗೂ ನಡೆದ ಹೋರಾಟದಲ್ಲಿ ಹುಂಜವೇ ಗೆದ್ದಿತ್ತು. ಆದ್ದರಿಂದ ಮೆತ್ತಗಿನ ಫಾರಂ ಕೋಳಿಯೇ ಆಗಬೇಕು. ಫಾರಂ ಕೋಳಿಗೋ ಹೊಟ್ಟೆಯ ತುಂಬ ಕೊಬ್ಬು. ಏನು ಮಾಡುವುದು?

ಫೋನಿನಲ್ಲಿ ಹುಡುಕಿದೆ. ಇಂಗ್ಲಿಷಿನ ಒಂದು ಲೇಖನ ಸಿಕ್ಕಿತು. ಮಾಂಸದ ಕೋಳಿಗಳ ಆಹಾರದಲ್ಲಿನ ವಿಟಮಿನ್ನುಗಳು ಅವುಗಳ ಮೈಯಲ್ಲಿ ಕೊಬ್ಬು ಶೇಖರವಾಗುವುದರ ಮೇಲೆ ಹೇಗೆ ಪ್ರಭಾವ ಬೀರುತ್ತವೆ ಎಂಬುದೇ ಅದರ ವಿಷಯ. ನಯಾಸಿನ್ ಕೊಟ್ಟರೆ ಹೊಟ್ಟೆಯ ಕೊಬ್ಬು ಇಳಿಯಬಹುದು, ಸಿ ಕೊಟ್ಟರೆ ಇಳಿಯಬಹುದು, ಎ ಮತ್ತು ಡಿಗೂ ಏನೋ ಕೈವಾಡವಿದ್ದರೂ ಇರಬಹುದು ಎಂದು ಬರೆದಿತ್ತು. ಆ ಲೇಖನದ ತುಂಬ ಎಷ್ಟೊಂದು ‘ಬಹುದು’ಗಳಿದ್ದವು ಎಂದರೆ, ಅದನ್ನು ಬರೆದವರಿಗೇ ಧೈರ್ಯವಿರಲಿಲ್ಲ ಎನ್ನಬೇಕು. ನನಗಿತ್ತು! ‘ಬಹುದು’ಗಳನ್ನೆಲ್ಲ ದಾಟಿಕೊಂಡು ಓದಿದೆ. ಎ, ಬಿ, ಸಿ, ಡಿ, ಎಲ್ಲರೂ ನನ್ನ ಹಳೆಯ ಫ್ರೆಂಡ್ಸ್. ಓದುತ್ತಾ ಓದುತ್ತಾ ಗೋಡೆಯ ಮೇಲಿನ ಆ ಚಾರ್ಟು, ನಾನು ಬಣ್ಣ ತುಂಬಿದ ಕ್ಯಾರೆಟ್ಟು, ಕಿಟಕಿಯಾಚೆ ಕಾಣುತ್ತಿದ್ದ ಗುಲ್‌ಮೊಹರ್ ಮರ ಎಲ್ಲ ಕಣ್ಣ ಮುಂದೆ ಬಂದವು. ಸ್ವಲ್ಪ ಅತ್ತೆ ಕೂಡ. ವಯಸ್ಸಾದ ಮೇಲೆ ಹೀಗೇ, ವಿಟಮಿನ್ ಓದಿದರೂ ಅಳು ಬರುತ್ತದೆ.

ಹೊಸ ಅಗ್ರಹಾರದ ಹತ್ತಿರ ಫಾರಂ ಇಟ್ಟಿರುವ ನೆಂಟರೊಬ್ಬರಿಂದ ಒಂದು ಡಜನ್ ಮರಿಗಳನ್ನು, ಅವಕ್ಕೆ ಬೇಕಾದ ಮೇವಿನ ಸಮೇತ ತರಿಸಿದೆ. ಹಸುಗಳಿಲ್ಲದೆ ಖಾಲಿ ಬಿದ್ದಿದ್ದ ಹಿತ್ತಿಲ ಕೊಟ್ಟಿಗೆಯಲ್ಲಿ ಬಲೆ ಕಟ್ಟಿಸಿ ಬಿಟ್ಟೆ.

“ಅತ್ತೆ, ಅಂಗಡೀಲಿ ಸಿಗದಿಲ್ವಾ ಕೋಳಿ?” ಎಂದಳು ಸೊಸೆ ಮಂಜುಳಾ, ಚೇತನನ ತಾಯಿ. “ಮದ್ವೆ ಕೆಲ್ಸ ತಲೆ ಮೇಲೆ ಕೂತದೆ.”

“ಇದು ಕೋಳಿಯಲ್ಲಮ್ಮ, ಪ್ರಾಜೆಕ್ಟು.”

“ಅಂಗಾರೆ ಅದರ ಗಲೀಜು ಬಳಿಯೋದೂ ಪ್ರಾಜೆಕ್ಟಲ್ಲೇ ಬತ್ತದಾ?” ಎಂದು ಹೇಳಿ ಅವಳು ಒಳಗೆ ಹೋದಳು.

ಬಂತು. ನನ್ನ ಪಾಲಿಗೇ ಬಂತು. ಅದನ್ನು ಹೇಳಿಕೊಂಡರೆ ಈಗಲೂ ಸೊಂಟ ಹಿಡಿಯುತ್ತದೆ.

ಮೊದಲು ವಿಟಮಿನ್ ಸಿ. ಕುಡಿಯುವ ನೀರಿಗೆ ನಿಂಬೆಹಣ್ಣು ಹಿಂಡಿದೆ. ಮರಿಗಳು ಕೊಕ್ಕು ಅದ್ದಿ, ತಲೆ ಒದರಿ, ನನ್ನ ಕಡೆ ಒಮ್ಮೆ ನೋಡಿ ದೂರ ಸರಿದವು. ಬಿಸಿಲ ದಿನ, ನೀರು ಕುಡಿಯದಿದ್ದರೆ ಸತ್ತೇ ಹೋಗುತ್ತವೆ! ಗಾಬರಿಯಾಗಿ ಸ್ವಲ್ಪ ಬೆಲ್ಲ ಸೇರಿಸಿದೆ. ಒಂದು ಮರಿ ಬಂತು. ಇನ್ನಷ್ಟು ಬೆಲ್ಲ ಸೇರಿಸಿದೆ. ಎಲ್ಲವೂ ಬಂದವು. ಹದ ಸರಿಯಾಗಿದೆಯೇ ಎಂದು ನೋಡಲು ನಾನೂ ಒಂದು ಲೋಟ ಕುಡಿದೆ. ಬಹಳ ಚೆನ್ನಾಗಿತ್ತು.

ಗೋಡೆಯ ಮೇಲಿಂದ ಜಯಮ್ಮನ ತಲೆ ಕಾಣಿಸಿತು.

“ಅಕ್ಕಾ, ಅದೇನ್ ಕಲಸ್ತಿದ್ದೀರಿ?”

“ವಿಟಮಿನ್ ಸಿ, ಜಯಮ್ಮ.”

ಅವಳು ಮೂಗು ಅರಳಿಸಿ ವಾಸನೆ ನೋಡಿದಳು. “ನಿಂಬೆಹಣ್ಣು, ಬೆಲ್ಲ... ಪಾನಕ ಅಲ್ವಾ ಇದು? ಅಯ್ಯೋ ಬನ್ರವ್ವೋ, ಸುಲೋಚ್ನಕ್ಕ ಕೋಳಿಗೆ ರಾಮನವಮಿ ಮಾಡ್ತಾವ್ರೆ!”

ಊರಿಗೇ ಕೇಳಿಸಿತು. ನಾನು ಗಂಭೀರವಾಗಿ ಒಳಗೆ ಹೋದೆ. ವಿಜ್ಞಾನಿಗಳನ್ನು ಜನ ಯಾವ ಕಾಲದಲ್ಲೂ ಅರ್ಥ ಮಾಡಿಕೊಂಡಿಲ್ಲ. ಬೆಲ್ಲ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂಬ ಪಾಠವೂ ಸಿಸ್ಟರ್ ಬೆನಡಿಕ್ಟಾ ಅವರ ಸಿಲೆಬಸ್ಸಿನಲ್ಲಿ ಇದ್ದಿರಲೇಬೇಕು. ಆದರೆ ಅದರ ಚಾರ್ಟು ಬರೆದವಳು ನಾನಲ್ಲ.

ವಿಟಮಿನ್ ಎಗೆ ಕ್ಯಾರೆಟ್ಟು, ನುಗ್ಗೆಸೊಪ್ಪು ಹೆಚ್ಚಿ ಹಾಕಿದೆ. ವಿಟಮಿನ್ ಇಗೆ ಹೆಸರುಕಾಳು ಮೊಳಕೆ ಕಟ್ಟಿದೆ. ನಯಾಸಿನ್ ಬೇಕಲ್ಲ, ಅದಕ್ಕೆ ಸಾಲಿಗ್ರಾಮದ ಅಂಗಡಿಯಿಂದ ಬಿ-ಕಾಂಪ್ಲೆಕ್ಸ್ ಸಿರಪ್ಪಿನ ದೊಡ್ಡ ಬಾಟಲಿ ತಂದೆ. ಕಿತ್ತಳೆಹಣ್ಣಿನ ಘಮ. ಕೋಳಿಗಳಿಗೆ ಕೊಡುವ ಮುಂಚೆ ನಾನೂ ಒಂದು ಚಮಚ ಕುಡಿದೆ. ನರಗಳಿಗೆ ಒಳ್ಳೆಯದಂತೆ. ಒಳ್ಳೆಯ ಅಭ್ಯಾಸ ಎಂದು ಅದನ್ನು ದಿನವೂ ಮುಂದುವರಿಸಿದೆ. ಸಿರಪ್ಪು ಶುರುವಾದ ಮೇಲೆ ಕೋಳಿಗಳು ತಿನ್ನುವ ಚೆಂದವೇ ಚೆಂದ! ತೊಟ್ಟಿಯಲ್ಲಿ ಒಂದು ಕಾಳು ಉಳಿಸುತ್ತಿರಲಿಲ್ಲ. ನನಗೂ ಯಾಕೋ ಸಾಯಂಕಾಲವಾದರೆ ವಿಪರೀತ ಹಸಿವಾಗುತ್ತಿತ್ತು. ಮದುವೆಯ ಓಡಾಟದ ಆಯಾಸ ಎಂದುಕೊಂಡು ಎರಡು ಕಜ್ಜಾಯ ತಿಂದು ಸುಧಾರಿಸಿಕೊಳ್ಳುತ್ತಿದ್ದೆ.

ವಿಟಮಿನ್ ಡಿಗೆ ಬಿಸಿಲು ಬೇಕು. ಬೆಳಗಿನ ಎಳೆಬಿಸಿಲಿಗೆ ಕೋಳಿಗಳನ್ನು ಅಂಗಳಕ್ಕೆ ಬಿಟ್ಟೆ. ಫಾರಂ ಕೋಳಿ ಎಂಥ ಸೋಮಾರಿ ಎಂಬುದು ಸಾಕಿದವರಿಗೇ ಗೊತ್ತು. ಬಿಟ್ಟಲ್ಲಿಯೇ ಕೂತವು. ವಿಟಮಿನ್ನಿನ ಜೊತೆಗೆ ಎಕ್ಸರ್‌ಸೈಸೂ ಇದ್ದರೆ ಒಳ್ಳೆಯದಲ್ಲವೇ? ಕಾನ್ವೆಂಟಿನ ಪಿ.ಟಿ. ನೆನಪಾಯಿತು. ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಕೋಲು ಹಿಡಿದು, ಅವುಗಳ ಹಿಂದೆ ನಿಂತು, “ಲೆಫ್ಟ್, ರೈಟ್! ಲೆಫ್ಟ್, ರೈಟ್!” ಎಂದೆ. ಒಂದು ಕೋಳಿ ಎದ್ದಿತು. ಎರಡು ಹೆಜ್ಜೆ ನಡೆದು ನನ್ನ ಪಾದದ ಮೇಲೆ ಕೂತಿತು. ಮಿಕ್ಕವು ಅದನ್ನೂ ಮಾಡಲಿಲ್ಲ. ನಾನು ಮಾತ್ರ ದಿನವೂ ಅಂಗಳದ ತುಂಬ ಲೆಫ್ಟ್ ರೈಟ್ ಮಾಡಿದೆ. ಮಂಡಿ ಊದಿಕೊಂಡಿತು.

“ಸುಲೋಚ್ನಕ್ಕ ಈಗ ಕೋಳಿಗೆ ಇಂಗ್ಲಿಷ್ ಕಲಿಸ್ತಾವ್ರೆ” ಎಂಬ ಸುದ್ದಿ ಹಾಲಿನ ಡೈರಿಯವರೆಗೂ ಹೋಯಿತು.

ಇತ್ತ ಎರಡನೆಯ ಪ್ರಾಜೆಕ್ಟು ಮಾತ್ರ ಬ್ಯೂಟಿಫುಲ್ ಆಗಿ ನಡೆಯುತ್ತಿತ್ತು. ಎರಡನೆಯ ಪ್ರಾಜೆಕ್ಟೆಂದರೆ ನಮ್ಮ ಯಜಮಾನರು. ಬೆಳಿಗ್ಗೆ ಉಪ್ಪಿಲ್ಲದ ಓಟ್ಸ್ ಗಂಜಿ, ಸಂಜೆ ಎಣ್ಣೆ ಸೋಕದ ಚಪಾತಿ, ಹಾಗಲಕಾಯಿ ಪಲ್ಯ. ಮೊದಮೊದಲು ತಟ್ಟೆಯ ಮುಂದೆ ಕೂತು ನಿಟ್ಟುಸಿರು ಬಿಡುತ್ತಿದ್ದವರು, ಕೋಳಿ ಬಂದ ಮೇಲೆ ಬದಲಾದರು.

“ಒಳಗೆ ಸೆಕೆ ಕಣೆ. ಕೊಟ್ಟಿಗೆ ತಾವ ಗಾಳಿಗೆ ಕೂತ್ಕಂಡು ಉಣ್ತೀನಿ” ಎಂದು ತಟ್ಟೆ ಹಿಡಿದು ಹಿತ್ತಿಲಿಗೆ ಹೋಗುವರು. ಬರುವಾಗ ತಟ್ಟೆ ತೊಳೆದ ಹಾಗಿರುತ್ತಿತ್ತು. ಅಷ್ಟು ಕ್ಲೀನ್!

“ನೋಡಮ್ಮ, ನಿಮ್ಮ ಮಾವನವರು ಹೇಗೆ ಅಡ್ಜಸ್ಟ್ ಆದರು” ಎಂದು ಮಂಜುಳಾಗೆ ತೋರಿಸಿದೆ. “ಪ್ರೀತಿಯಿಂದ ಕೊಟ್ಟರೆ ಓಟ್ಸ್ ಕೂಡ ರುಚಿಯೇ.”

ಮಂಜುಳಾ ತಟ್ಟೆಯನ್ನೂ ಮಾವನವರನ್ನೂ ನೋಡಿ, ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡಳು. ಮಾವನವರು ಬಾಗಿಲ ಸಂದಿಯಲ್ಲಿ ನಿಂತು ಅವಳಿಗೆ ಕೈ ಮುಗಿಯುತ್ತಿದ್ದುದು ನನ್ನ ಬೆನ್ನಿಗೆ ಹೇಗೆ ಕಾಣಬೇಕು!

ಮದುವೆ ಹತ್ತಿರ ಬರುವ ಹೊತ್ತಿಗೆ ಕೋಳಿಗಳು ಕೋಳಿಗಳಾಗಿ ಉಳಿದಿರಲಿಲ್ಲ. ಭತ್ತದ ಮೂಟೆಗೆ ಕೊಕ್ಕು ಅಂಟಿಸಿದ ಹಾಗಿದ್ದವು. ಕಾಲು ಅರಿಶಿನ ಬಳಿದಂತೆ ಹಳದಿ. ಜಯಮ್ಮ ಒಂದನ್ನು ಎತ್ತಿ ನೋಡಿ ‘ಉಸ್ಸಪ್ಪಾ’ ಎಂದು ಕೆಳಗಿಟ್ಟಳು.

“ಅಕ್ಕಾ, ಇದೇನ್ ಇಂಗ್ ಕೊಬ್ಕಂಡವೆ?”

“ಅದು ಕೊಬ್ಬಲ್ಲ ಜಯಮ್ಮ. ಮಸಲ್ಸ್! ಪ್ಯೂರ್ ಪ್ರೋಟೀನ್!”

“ಏನೋಪ್ಪ. ನಮ್ಮಟ್ಟೀಲಿ ಇದ್ನ ಕೊಬ್ಬು ಅಂತೀವಿ.”

ಮದುವೆ ಸುಸೂತ್ರವಾಗಿ ಮುಗಿಯಿತು. ಮಾರನೆಯ ದಿನ ಬೆಳಿಗ್ಗೆ ಶಾಮಿಯಾನ ಎದ್ದಿತು. ಅಡುಗೆ ಸಿದ್ದಣ್ಣ ತನ್ನ ಕಡೆಯವರೊಂದಿಗೆ ಬಂದು ಒಲೆ ಹೂಡಿದ. ಬೀಗರಿಗೆ ಮಟನ್ನು, ಅಂಗಡಿಯ ಕೋಳಿ ಎಲ್ಲ ಬೇರೆ. ನನ್ನ ಅರ್ಧ ಡಜನ್ ವಿಟಮಿನ್ ಕೋಳಿಗಳಿಗೆ ಮಾತ್ರ ಪ್ರತ್ಯೇಕ ಪಾತ್ರೆ, ಎಣ್ಣೆ ಒಂದು ತೊಟ್ಟು ಹಾಕಕೂಡದು ಎಂದು ಆರ್ಡರ್ ಮಾಡಿದೆ. ಯಜಮಾನರು ಬೆಳಿಗ್ಗೆಯೇ ಸ್ನಾನ ಮಾಡಿ, ಹೊಸ ಪಂಚೆ ಉಟ್ಟು, ತಲೆ ಬಾಚಿಕೊಂಡು ಕೂತುಬಿಟ್ಟಿದ್ದರು. ಹಲ್ಲಿನ ಸೆಟ್ಟನ್ನು ಎರಡು ಸಲ ತೊಳೆದರು! ನೋಡಿ ನಗು ಬಂತು.

ಆಗ ಹಿತ್ತಿಲಿಂದ ಸಿದ್ದಣ್ಣನ ಕೂಗು ಕೇಳಿಸಿತು.

“ಅಮ್ಮಾರೇ! ಸ್ವಲ್ಪ ಬನ್ನಿ ಇಲ್ಲಿ!”

ಹೋದೆ. ಹೋಗಬಾರದಿತ್ತು.

ಕೋಳಿಯ ಹೊಟ್ಟೆಯೊಳಗಿಂದ ಸಿದ್ದಣ್ಣ ಹಳದಿ ಕೊಬ್ಬನ್ನು ಬಾಚಿ ಬಾಚಿ ತೆಗೆಯುತ್ತಿದ್ದ. ಮಜ್ಜಿಗೆ ಕಡೆದು ಬೆಣ್ಣೆ ತೆಗೆದ ಹಾಗೆ! ಪಕ್ಕದಲ್ಲಿ ಒಂದು ಬೇಸಿನ್ ತುಂಬಿತ್ತು. ಇನ್ನೊಂದು ತುಂಬುತ್ತಿತ್ತು.

“ನಾನೂ ಬಾಳ ಬೀಗ್ರೂಟ ಮಾಡಿವ್ನಿ ಕಣ್ರಮ್ಮಾ. ಇಂಥ ಕೋಳಿ ಕಂಡಿಲ್ಲ. ಕತ್ತಿ ಜಾರ್ತದೆ! ಕೋಳಿ ಅಂತ ಕುರಿ ಗಿರಿ ಸಾಕ್ಬುಟ್ರಾ?”

ಅಲ್ಲೇ ಇದ್ದ ಒರಳಿನ ಮೇಲೆ ಕೂತೆ. ಎ, ಡಿ, ಇ, ಕೆ, ಇವು ಕೊಬ್ಬಿನಲ್ಲಿ ಕರಗುವ ವಿಟಮಿನ್ನುಗಳು ಎಂದು ಸಿಸ್ಟರ್ ಬೆನಡಿಕ್ಟಾ ಬಾಯಿಪಾಠ ಮಾಡಿಸಿದ್ದರು. ಹಾಗಾದರೆ ನಾನು ಕೊಟ್ಟದ್ದೆಲ್ಲ ಇಲ್ಲಿಯೇ, ಈ ಎರಡು ಬೇಸಿನ್ನಿನಲ್ಲಿಯೇ ಸುಖವಾಗಿ ಕರಗಿ ಕೂತಿದೆ! ನನ್ನ ಮಂಡಿ, ನನ್ನ ಸೊಂಟ, ಅಂಗಳದ ನನ್ನ ಲೆಫ್ಟ್ ರೈಟ್, ಎಲ್ಲವೂ ಇಲ್ಲಿದೆ.

ಒಳಗೆ ಹೋಗಿ ಯಜಮಾನರಿಗೆ ಹೇಳಬೇಕಾಯಿತು. ಹೊಸ ಪಂಚೆಯ ಅಂಚು ಸರಿಮಾಡಿಕೊಳ್ಳುತ್ತಿದ್ದರು.

“ರೀ... ಕೋಳಿ ಕೆಟ್ಟಿತು. ಬರೀ ಕೊಬ್ಬು.”

ಬೈದಿದ್ದರೆ ಚೆನ್ನಾಗಿತ್ತು. ಅಂಚು ಹಿಡಿದಿದ್ದ ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ, “ಆಯ್ತು ಬುಡು, ಏನ್ ಮಾಡಕಾಯ್ತದೆ. ಮಜ್ಜಿಗೆ ಐತಲ್ಲ” ಎಂದರು.

ಅಷ್ಟರಲ್ಲಿ ಬೀಗರ ವ್ಯಾನುಗಳು ಬಂದವು. ಮೊದಲು ಇಳಿದವರು ಹುಡುಗಿಯ ಅಜ್ಜಿ ಕೆಂಪಮ್ಮನವರು. ಹೊಗೆಸೊಪ್ಪಿನ ಬೇಸಾಯವನ್ನು ಒಬ್ಬರೇ ನಿಂತು ನಡೆಸಿದ ಹೆಂಗಸು. ದನಿ ದೊಡ್ಡದು.

“ಬೀಗಿತ್ತೀರೇ, ನೀವು ಕೋಳಿಗೆ ಇಂಗ್ಲಿಷ್ ಔಸ್ದಿ ಆಕಿ ಸಾಕಿದ್ದೀರಂತಲ್ಲ! ರಾವಂದೂರಿಗೇ ಸುದ್ದಿ ಬಂದದೆ. ಎಲ್ಲವೆ, ತೋರ್ಸಿ!”

ಬೇಡವೆಂದರೂ ಕೇಳದೆ ಕೊಟ್ಟಿಗೆಯ ಕಡೆ ನಡೆದೇಬಿಟ್ಟರು. ಹಿಂದೆ ಬೀಗರ ದಂಡು, ಅದರ ಹಿಂದೆ ಜಯಮ್ಮ, ಕೊನೆಯಲ್ಲಿ ನಾನು. ಉಳಿದ ಅರ್ಧ ಡಜನ್ ಕೋಳಿಗಳು ಮೂಟೆಗಳ ಹಾಗೆ ಕೂತಿದ್ದವು.

“ಇವು ಏಳಕಿಲ್ವಾ?” ಕೇಳಿದರು ಕೆಂಪಮ್ಮ.

ಮರ್ಯಾದೆಯ ಪ್ರಶ್ನೆ. ಗಂಟಲು ಸರಿಮಾಡಿಕೊಂಡು, ಬೀಗರ ಮುಂದೆಯೇ, “ಲೆಫ್ಟ್, ರೈಟ್!” ಎಂದೆ. ಒಂದು ಕೋಳಿ ಕಣ್ಣು ಮುಚ್ಚಿಕೊಂಡಿತು.

ಆ ಹೊತ್ತಿಗೆ ಸರಿಯಾಗಿ, ಬೀಗರನ್ನು ಊಟಕ್ಕೆ ಕರೆಯಲು ನಮ್ಮ ಯಜಮಾನರು ಹಿತ್ತಿಲ ಬಾಗಿಲಿಗೆ ಬಂದರು. ಅವರ ಚಪ್ಪಲಿಯ ಸದ್ದು ಕೇಳಿಸಿತೋ ಇಲ್ಲವೋ, ಆರೂ ಕೋಳಿಗಳು ಒಮ್ಮೆಗೇ ಎದ್ದವು! ರೆಕ್ಕೆ ಬಡಿದು, ಬಲೆ ಕೆಡವಿ, ಬೀಗರ ಕಾಲುಗಳ ನಡುವೆ ನುಗ್ಗಿ ಓಡಿದವು! ಎರಡು ಹೆಜ್ಜೆ ನಡೆಯಲಾರದ ಕೋಳಿಗಳು! ಒಂದು ಕೋಳಿ ಅವರ ಹೊಸ ಪಂಚೆಯ ಮೇಲೆ ಹಾರಿತು. ಇನ್ನೊಂದು ಖಾಲಿ ಅಂಗೈಯನ್ನು ಕುಕ್ಕತೊಡಗಿತು. ಮಿಕ್ಕವು ಸುತ್ತಲೂ ನಿಂತು, ಕತ್ತು ಎತ್ತಿ, ಬಾಯಿ ತೆರೆದು ಕಾದವು.

ಮೊದಲು ಅರ್ಥವಾದದ್ದು ಕೆಂಪಮ್ಮನವರಿಗೆ.

“ಬೀಗ್ರೇ! ಇವಕ್ಕೆ ದಿನಾ ಉಣ್ಣಕ್ಕಿಕ್ಕೋರು ನೀವಾ?”

ನಾನು ಯಜಮಾನರನ್ನು ನೋಡಿದೆ. ಯಜಮಾನರು ಮಾವಿನ ಮರವನ್ನು ನೋಡಿದರು.

“ಏನ್ರೀ ಇದು?”

“ಅನ್ನ ಚೆಲ್ಲಬಾರ್ದು ಅಂತ ನಮ್ಮವ್ವ ಹೇಳಿತ್ತು ಕಣೆ” ಎಂದರು, ಶಾಲೆಯ ಹುಡುಗನ ಹಾಗೆ. “ನಿನ್ ಓಟ್ಸ್ ಗಂಜಿ ಗಂಟ್ಲಲ್ಲಿ ಇಳೀತಿರ್ನಿಲ್ಲ. ತಿಪ್ಪೆಗೆ ಸುರಿಯಕ್ಕೆ ಮನ್ಸ್ ಬರ್ನಿಲ್ಲ, ನೀನು ಕಷ್ಟ ಬಿದ್ದು ಮಾಡಿರ್ತೀಯ. ಇವು ನೋಡುದ್ರೆ ಬಾಯ್ ಬುಟ್ಕಂಡು ಕೂತಿರವು.”

“ಚಪಾತಿ?”

“ಅದೂವೆ.”

“ಹಾಗಲಕಾಯಿ ಪಲ್ಯ?”

“ಅದ್ನ ಅವೂ ಮುಟ್ನಿಲ್ಲ ಕಣೆ! ಬೇಲಿ ಆಚೆ ಹಾಕ್ದೆ.”

ಬೀಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಯಮ್ಮ ಗೋಡೆ ಹಿಡಿದುಕೊಂಡು ನಕ್ಕಳು.

“ಹಾಗಾದರೆ ನೀವೇನು ತಿಂದು ಬದುಕಿದಿರಿ?”

“ಮಧ್ಯಾನ್ನ ಮಂಜುಳಾ ಒಂದ್ ಮುದ್ದೆ, ಸೊಪ್ಪಿನ ಸಾರು ಇಕ್ತಿದ್ಲಲ್ಲ. ಅದೇ ಸಾಕಾಗೋಗದು.”

ಅಡುಗೆಯ ಕಡೆಯಿಂದ ಬಂದ ಮಂಜುಳಾ ಎಲ್ಲರನ್ನೂ ಪಂಕ್ತಿಗೆ ಕಳಿಸಿ, ನನ್ನ ಮುಂದೆ ನಿಂತಳು. “ಅತ್ತೆ, ಮಾವ ಎರಡ್ ತುಂಡು ತಾನೆ ಕೇಳಿದ್ದು?” ಎಂದವಳೇ ಸಿದ್ದಣ್ಣನ ಪಕ್ಕದಲ್ಲಿದ್ದ ಒಂದು ಕೋಳಿಯನ್ನು ತೆಗೆದುಕೊಂಡಳು. ಚರ್ಮ ಹಿಡಿದು ಎಳೆದಳು. ಸ್ವೆಟರ್ ಬಿಚ್ಚಿದ ಹಾಗೆ ಬಂತು. ಅದಕ್ಕೆ ಅಂಟಿಕೊಂಡ ಕೊಬ್ಬನ್ನು ಎರಡು ಬೆರಳಲ್ಲಿ ಬಿಡಿಸಿ ಬೇಸಿನ್ನಿಗೆ ಎಸೆದಳು. ಎದೆಯ ಭಾಗದ ಬರೀ ಬಿಳಿ ಮಾಂಸವನ್ನು ಕೊಯ್ದು, ಮೆಣಸು, ಶುಂಠಿ, ಕೊತ್ತಂಬರಿ ಹಾಕಿ ಬೇಯಲು ಇಟ್ಟಳು.

“ಕೊಬ್ಬಿಲ್ದ ಕೋಳಿ ಅಂದ್ರೆ ಇಷ್ಟೇ ತಾನೆ, ಅತ್ತೆ?”

ಇಷ್ಟೇ! ಹಾಲು ಕಾಯುವಷ್ಟು ಹೊತ್ತು. ಎ ಇಲ್ಲ, ಬಿ ಇಲ್ಲ, ಪಾನಕ ಇಲ್ಲ, ಪೆರೇಡು ಇಲ್ಲ!

ಯಜಮಾನರು ಬೀಗರ ಪಕ್ಕದಲ್ಲಿ ಕೂತು ತುಂಡು ಮುರಿದರು. ಮೊದಲನೆಯದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿ, ಎಷ್ಟೋ ಹೊತ್ತು ತೆರೆಯಲೇ ಇಲ್ಲ. ನನಗೆ ಎದೆ ಧಸಕ್ಕೆಂದಿತು. ಆಮೇಲೆ ತೆರೆದು, ನನ್ನ ಕಡೆ ನೋಡಿ, “ಮೂರ್ನೇದು?” ಎಂದರು. ಇಲ್ಲವೆಂದು ತಲೆಯಾಡಿಸಿದೆ. ಇಬ್ಬರೂ ನಕ್ಕೆವು.

ಉಳಿದ ಐದು ಕೋಳಿಗಳನ್ನು ಸಿದ್ದಣ್ಣ ಚರ್ಮ, ಕೊಬ್ಬು ಸಮೇತ ಬೀಗರ ಪಾತ್ರೆಗೆ ಸುರಿದಿದ್ದ. ಸಾರಿನ ಮೇಲೆ ಬೆರಳಷ್ಟು ದಪ್ಪ ಜಿಡ್ಡು! “ಬೀಗ್ರೂಟ ಅಂದ್ರೆ ಇದು ಕಣ್ರೋ!” ಎಂದು ರಾವಂದೂರಿನವರು ಮೂರು ಮೂರು ಸಲ ಸಾರು ಹಾಕಿಸಿಕೊಂಡರು. ನಮ್ಮ ಮನೆಯ ಮರ್ಯಾದೆ ಎಷ್ಟೋ ವರ್ಷಗಳಿಗೆ ಸಾಕಾಗುವಷ್ಟು ಏರಿತು. ಹೊರಡುವಾಗ ಕೆಂಪಮ್ಮನವರು ನನ್ನನ್ನು ಪಕ್ಕಕ್ಕೆ ಕರೆದು, “ಅಕ್ಕಾರೇ, ಆ ಟಾನಿಕ್ ಹೆಸ್ರು ಯೋಳಿ. ನಮ್ಮ ಕೋಳಿ ಬಡಕಲಾಗವೆ, ಕೊಬ್ಬಬೇಕು” ಎಂದರು. ಹೇಳಿದೆ. ಸ್ಪೆಲ್ಲಿಂಗ್ ಸಮೇತ ಹೇಳಿದೆ. ಕೊಟ್ಟಿಗೆಯಲ್ಲಿ ಉಳಿದಿದ್ದ ಆರು ಕೋಳಿಗಳಲ್ಲಿ ಎರಡನ್ನು ಅವರಿಗೇ ಕೊಟ್ಟು ಕಳಿಸಿದೆ. ಮಿಕ್ಕವು ಬಂದ ನೆಂಟರ ಊಟಕ್ಕೆ ಆದವು. ಕೊಟ್ಟಿಗೆ ಖಾಲಿಯಾಯಿತು. ನನಗೂ ಸಾಕಾಗಿತ್ತು.

ಮುಂದಿನ ಚೆಕಪ್ಪಿಗೆ ಹೋದೆವು. ಡಾಕ್ಟರು ರಕ್ತದ ರಿಪೋರ್ಟು ನೋಡಿ, ಯಜಮಾನರನ್ನು ತೂಕದ ಮಷೀನಿನ ಮೇಲೆ ನಿಲ್ಲಿಸಿ, ಮೊದಲ ಬಾರಿಗೆ ತಲೆ ಎತ್ತಿದರು.

“ವೆರಿ ಗುಡ್! ಕೊಬ್ಬಿನಂಶ ಇಳಿದಿದೆ, ತೂಕ ಇಳಿದಿದೆ. ಏನು ಡಯಟ್ ಕೊಟ್ಟಿರಿ ಅಮ್ಮ?”

ನಾನು ಸೀಲಿಂಗ್ ಫ್ಯಾನ್ ನೋಡಿದೆ. ಯಜಮಾನರು, “ಎಲ್ಲಾ ಇವಳದೇ ಸಾರ್. ಓಟ್ಸ್, ಚಪಾತಿ, ಕೊಟ್ಟಿದ್ದೇ ಕೊಟ್ಟಿದ್ದು” ಎಂದರು. ಸುಳ್ಳಲ್ಲ. ಕೊಟ್ಟಿದ್ದು ನಿಜ.

“ಬಂದಿದ್ದೀರಲ್ಲ, ನೀವೂ ಒಮ್ಮೆ ನಿಂತುಬಿಡಿ ಅಮ್ಮ” ಎಂದರು ಡಾಕ್ಟರು.

ನಿಂತೆ. ಮುಳ್ಳು ಓಡಿತು. ಕೊಟ್ಟಿಗೆಯ ಕೋಳಿಗಳು ಯಜಮಾನರನ್ನು ಕಂಡು ಓಡಿದ ಹಾಗೆ ಓಡಿತು! ದಿನಕ್ಕೊಂದು ಲೋಟ ವಿಟಮಿನ್ ಸಿ, ಒಂದು ಚಮಚ ಬಿ-ಕಾಂಪ್ಲೆಕ್ಸ್, ಅದರ ಹಿಂದೆ ಕಜ್ಜಾಯ. ಆಹಾರದ ವಿಟಮಿನ್ನುಗಳು ಕೊಬ್ಬಿನ ಶೇಖರಣೆಯ ಮೇಲೆ ಪ್ರಭಾವ ಬೀರುತ್ತವೆ ಎಂಬುದು ನಿಜ. ಯಾರ ಮೈಯ ಕೊಬ್ಬು ಎಂಬುದನ್ನು ನಾನು ಸರಿಯಾಗಿ ಓದಿಕೊಳ್ಳಬೇಕಿತ್ತು. ಡಾಕ್ಟರು ಮುಖ ಗಂಟಿಕ್ಕಿಕೊಂಡು, ಪೆನ್ನು ತೆಗೆದುಕೊಂಡು, ಹೇಳುತ್ತಾ ಬರೆದರು. ಬೆಳಿಗ್ಗೆ ಉಪ್ಪಿಲ್ಲದ ಓಟ್ಸ್ ಗಂಜಿ. ಸಂಜೆ ಎಣ್ಣೆ ಸೋಕದ ಚಪಾತಿ. ಹಾಗಲಕಾಯಿ.

ಮಾರನೆಯ ಬೆಳಿಗ್ಗೆ ಮಂಜುಳಾ ತಟ್ಟೆ ತಂದು ನನ್ನ ಮುಂದಿಟ್ಟಳು. ಒಂದು ಚಮಚ ಬಾಯಿಗಿಟ್ಟೆ. ಅಯ್ಯೋ ದೇವರೇ, ಪಾಪ ನಮ್ಮ ಯಜಮಾನರು!

“ಒಳಗೆ ಸೆಕೆ ಕಣಮ್ಮ. ಹಿತ್ತಿಲಲ್ಲಿ ಗಾಳಿಗೆ ಕೂತು ತಿನ್ನುತ್ತೇನೆ” ಎಂದು ಹೇಳಿ ಎದ್ದೆ.

ಯಜಮಾನರು ಜಗಲಿಯಿಂದ ಕತ್ತು ತಿರುಗಿಸಿ ನೋಡಿದರು. ಮೀಸೆಯಡಿಯಲ್ಲಿ ನಕ್ಕದ್ದು ಕಂಡಿತು.

ತಟ್ಟೆ ಹಿಡಿದು ಕೊಟ್ಟಿಗೆಯ ಬಾಗಿಲಿಗೆ ಬಂದೆ. ಕಿತ್ತುಹೋದ ಬಲೆ, ಮೂಲೆಯಲ್ಲಿ ನಾಲ್ಕು ಬಿಳಿ ಪುಕ್ಕ. ಗಂಜಿ ಆರಿ ಗಟ್ಟಿಯಾಗುವವರೆಗೂ ಅಲ್ಲೇ ನಿಂತಿದ್ದೆ.

ಒಂದು ಕೋಳಿಯನ್ನಾದರೂ ಉಳಿಸಿಕೊಳ್ಳಬೇಕಿತ್ತು!